ಸುದ್ದಿ ಕೊಟ್ಟವರ ಹೆಸರು

ಹಳೆಯ ದಫ್ತರದ ಅಂಟು, ಫಿನಾಯಿಲು, ಒದ್ದೆ ಕೊಡೆ, ಈ ಮೂರೂ ಸೇರಿದ ವಾಸನೆ ಮೂಗಿಗೆ ಬಂದರೆ ಇವತ್ತಿಗೂ ನಾನು ಇದ್ದಲ್ಲೇ ನಿಂತುಬಿಡುತ್ತೇನೆ. ಕಳೆದ ತಿಂಗಳು ಪಕ್ಕದ ಮನೆಯ ಮುದುಕಿ ತೀರಿಕೊಂಡಾಗ ಅವರ ಸೊಸೆಯ ಜೊತೆಗೆ ವಾರ್ಡ್ ಕಚೇರಿಗೆ ಹೋಗಿದ್ದೆ. ಈಗ ಅಲ್ಲಿ ಕಂಪ್ಯೂಟರ್ ಬಂದಿದೆ. ಕಿಟಕಿಯ ಆಚೆ ಕೂತ ಹುಡುಗಿ ಹೆಸರು ಒತ್ತಿ, ಹತ್ತು ನಿಮಿಷದಲ್ಲಿ ಮರಣದ ದಾಖಲೆ ಕೈಗಿಟ್ಟಳು. "ಇಷ್ಟ ಆತಲ್ಲ ಕೆಲಸ, ನಡೀರಿ" ಎಂದಳು ಸೊಸೆ. ಅಷ್ಟರಲ್ಲಿ ಒಳಗಿನ ಕೋಣೆಯ ಬಾಗಿಲು ತೆರೆದು ಯಾರೋ ಒಂದು ಹಳೆಯ ದಫ್ತರ ಹೊತ್ತುಕೊಂಡು ಹೊರಗೆ ಬಂದರು. ವಾಸನೆ ಹೊಡೆಯಿತು. ನಾನು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ಅವಳು ಗಾಬರಿಯಾಗಿ ನೀರು ತರಲು ಓಡಿದಳು. ನನಗೇನೂ ಆಗಿರಲಿಲ್ಲ. 1998ರ ಮಳೆಗಾಲ ನೆನಪಾಗಿತ್ತು, ಅಷ್ಟೇ.

ಆ ವರ್ಷ ನನಗೆ ಮೂವತ್ತನಾಲ್ಕು. ಮದುವೆಯಾಗಿರಲಿಲ್ಲ, ಆಗುವ ಲಕ್ಷಣವೂ ಇರಲಿಲ್ಲ. ಪುಣೆಯ ಹತ್ತಿರ ಭೋಸರಿಯ ಒಂದು ಎಂಜಿನಿಯರಿಂಗ್ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಹಾಜರಿ ನೋಡಿಕೊಳ್ಳುವ ಕೆಲಸ. ಯಾರು ಬಂದರು, ಯಾರು ಬರಲಿಲ್ಲ, ಯಾರು ರಜೆ ಹಾಕಿ ಊರಿಗೆ ಹೋಗಿ ಪತ್ತೆಯಿಲ್ಲ, ಎಲ್ಲ ನನ್ನ ಮಸ್ಟರಿನಲ್ಲಿ. ಮನೆ ಸದಾಶಿವ ಪೇಠದ ಹಳೆಯ ವಾಡೆಯಲ್ಲಿ, ಹಲವು ಸಂಸಾರಗಳ ನಡುವೆ, ಎರಡು ಕೋಣೆ. ಅಪ್ಪ, ಅವ್ವ, ನಾನು. ನಮ್ಮ ಮುತ್ತಜ್ಜ ವಿಜಾಪುರದ ಕಡೆಯಿಂದ ಪುಣೆಗೆ ಬಂದಾಗಿನಿಂದ ಅದೇ ವಾಡೆ, ಅದೇ ಕೋಣೆಗಳು. ಮೆಟ್ಟಿಲು ಇಳಿದರೆ ಮರಾಠಿ, ಹತ್ತಿದರೆ ಕನ್ನಡ. ಅಪ್ಪ ಲಕ್ಷ್ಮೀ ರಸ್ತೆಯ ಜವಳಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದವರು, ಆಗಷ್ಟೇ ಕೆಲಸ ಬಿಟ್ಟಿದ್ದರು.

ನಮ್ಮ ಪೇಠದ ಮರಾಠಿ ಮನೆಗಳಲ್ಲಿ ಆಗ ಒಂದು ಹುಚ್ಚು ಹಿಡಿದಿತ್ತು. ಪ್ರತಿಯೊಂದು ಮನೆತನದವರೂ ತಮ್ಮ ಕುಲವೃತ್ತಾಂತದ ಪುಸ್ತಕ ಅಚ್ಚು ಹಾಕಿಸುತ್ತಿದ್ದರು. ಯಾರಿಗೆ ಯಾರು ಹುಟ್ಟಿದರು, ಯಾವ ಊರು, ಯಾವಾಗ ಸತ್ತರು, ದಪ್ಪ ರಟ್ಟಿನ ಪುಸ್ತಕ. ಅದನ್ನು ನೋಡಿ ನೋಡಿ ನಮ್ಮ ಹಿಪ್ಪರಗಿ ಮನೆತನದವರಿಗೂ ಚಪಲ ಹತ್ತಿತು. ದಾಯಾದಿಯೊಬ್ಬರು ವಿಜಾಪುರದಿಂದ ಕೋಷ್ಟಕ ಕಳಿಸಿದರು. ನಮ್ಮ ಶಾಖೆಯ ಹಾಳೆ ತುಂಬುವ ಜವಾಬ್ದಾರಿ ಅಪ್ಪನದು. ಅಪ್ಪ ರೂಲು ಹಿಡಿದು ಗೆರೆ ಎಳೆದು ಮುತ್ತಿನಂಥ ಅಕ್ಷರದಲ್ಲಿ ಎಲ್ಲ ತುಂಬಿದರು. ಕೋಷ್ಟಕದ ಒಂದೇ ಮನೆ ಖಾಲಿ ಉಳಿಯಿತು. ಲಕ್ಷ್ಮೀಬಾಯಿ, ಅಪ್ಪನ ಹೆತ್ತ ತಾಯಿ. ಮರಣ: ಏನೂ ಇಲ್ಲ.

ಅಪ್ಪನಿಗೆ ಮೂರು ವರ್ಷವಿದ್ದಾಗ ಅವಳು ಜ್ವರ ಬಂದು ಇದೇ ಪುಣೆಯಲ್ಲಿ ತೀರಿಕೊಂಡಳು ಎಂಬುದು ನಮಗೆಲ್ಲ ಗೊತ್ತಿದ್ದ ಮಾತು. ಅಜ್ಜ ಮರುಮದುವೆಯಾದರು. ಬಂದವಳು ಚಂಪಜ್ಜಿ. ಅಪ್ಪನನ್ನು ಬೆಳೆಸಿದವಳೂ ಅವಳೇ, ಅವಳೂ ಹೋಗಿ ಆಗಲೇ ಹತ್ತೊಂಬತ್ತು ವರ್ಷವಾಗಿತ್ತು. ಅಜ್ಜ ಮಾತ್ರ ಮೊದಲ ಹೆಂಡತಿ ತೀರಿಕೊಂಡ ತಿಥಿ ಯಾವುದೆಂದು ಕೊನೆಯವರೆಗೂ ಬಾಯಿ ಬಿಡಲಿಲ್ಲ. ಹಾಗಾಗಿ ಅಪ್ಪ ವರ್ಷಕ್ಕೊಮ್ಮೆ ಪಿತೃಪಕ್ಷದ ಅವಿಧವಾ ನವಮಿಗೆ ತಾಯಿಯ ಶ್ರಾದ್ಧ ಮಾಡುತ್ತಿದ್ದರು. ಗಂಡ ಇರುವಾಗಲೇ ಮುತ್ತೈದೆಯಾಗಿ ಹೋದವರಿಗೆ ಅದು ಮೀಸಲಾದ ದಿನ. ಅಂದು ಮುತ್ತೈದೆಯೊಬ್ಬಳನ್ನು ಕರೆದು ಊಟಕ್ಕೆ ಹಾಕಿ, ಖಣ, ಬಳೆ, ಕುಂಕುಮ ಕೊಟ್ಟು ಕಳಿಸುವುದು. ಅಜ್ಜ ತೀರಿಕೊಂಡ ಮೇಲೆ ಇನ್ನು ಬಿಟ್ಟರೂ ನಡೆಯುತ್ತದೆ ಎಂದು ಪುರೋಹಿತರಾದ ಆಚಾರ್ಯರು ಹೇಳಿದರೂ ಅಪ್ಪ ಬಿಡಲಿಲ್ಲ.

ಆ ವರ್ಷ ಜೂನ್ ತಿಂಗಳಲ್ಲಿ ಅಪ್ಪನಿಗೆ ಎದೆ ಹಿಡಿಯಿತು. ಡಾಕ್ಟರು ಬೈಪಾಸ್ ಆಗಲೇಬೇಕು ಎಂದರು, ದಸರೆಯ ನಂತರಕ್ಕೆ ದಿನ ಗೊತ್ತು ಮಾಡಿದರು. ಅಲ್ಲಿಯವರೆಗೆ ಮೆಟ್ಟಿಲು ಇಳಿಯಬಾರದು, ಮನಸ್ಸಿಗೆ ಧಕ್ಕೆಯಾಗುವಂಥದ್ದೇನೂ ಆಗಬಾರದು. ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನವೇ ಅಪ್ಪ ನನ್ನನ್ನು ಹತ್ತಿರ ಕೂರಿಸಿಕೊಂಡರು.

"ವನೂ, ಒಳಗ ಹೋದಾವ ತಿರುಗಿ ಬರ್ತೀನೋ ಇಲ್ಲೋ ಯಾರಿಗೆ ಗೊತ್ತು. ಅಷ್ಟರಾಗ ನಮ್ಮವ್ವನ ತಿಥಿ ಯಾವುದಂತ ತಿಳೀಬೇಕು ನನಗ. ಒಮ್ಮೆ ಆದ್ರೂ ಆಕಿ ಹೋದ ದಿನಕ್ಕ ಆಕಿಗೆ ಅನ್ನ ಇಡಬೇಕು. ಪಾಲಿಕೆ ದಫ್ತರದಾಗ ಇದ್ದ ಇರ್ತದ. ಈ ನವಮಿ ಬರೂದ್ರಾಗ ಹುಡುಕಿ ಕೊಡ್ತೀಯೇನ?"

"ಅದೇನ್ ದೊಡ್ಡದು ಬಿಡ್ರಿ ಅಪ್ಪಾ, ಎರಡು ದಿನದ ಕೆಲಸ" ಎಂದೆ. ನನ್ನ ಬಾಯಿಗೆ ಬೆಂಕಿ ಹಾಕ.

ನಾನು ಕೇಳಿಕೊಂಡು ಎರಡನೆಯ ಪಾಳಿ ಹಾಕಿಸಿಕೊಂಡೆ. ಬೆಳಿಗ್ಗೆ ವಾರ್ಡ್ ಕಚೇರಿ, ಮಧ್ಯಾಹ್ನ ಭೋಸರಿ. ದಫ್ತರಗಳ ಕೋಣೆ ಕದಮ್ ಬಾಯಿಯ ವಶದಲ್ಲಿತ್ತು. ಐವತ್ತು ದಾಟಿದ ಹೆಂಗಸು, ದಪ್ಪ ಕನ್ನಡಕ, ಮಾತು ಕಡಿಮೆ. ಅರ್ಜಿ ಓದಿ, "ವರ್ಷ ಖಾತ್ರಿ ಇದೆಯೇ?" ಎಂದು ಮರಾಠಿಯಲ್ಲಿ ಕೇಳಿದರು. ಖಾತ್ರಿ ಎಂದೆ. ದಫ್ತರ ತಂದು ಮೇಜಿನ ಮೇಲೆ ಇಟ್ಟರು. ಹಾಳೆಗಳು ಮುಟ್ಟಿದರೆ ಅಪ್ಪಳದಂತೆ ಮುರಿಯುತ್ತಿದ್ದವು. ತೀರಿದವರ ಹೆಸರು, ವಯಸ್ಸು, ರೋಗ, ವಿಳಾಸ, ಕೊನೆಗೆ ಸುದ್ದಿ ಕೊಟ್ಟವರ ಹೆಸರು ಮತ್ತು ಸಹಿ. ಅಪ್ಪನ ಮೂರನೆಯ ವರ್ಷದ ದಫ್ತರವನ್ನು ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಓದಿದೆ. ಲಕ್ಷ್ಮೀಬಾಯಿಯರು ಬೇಕಾದಷ್ಟು ಇದ್ದರು, ಹಿಪ್ಪರಗಿ ಲಕ್ಷ್ಮೀಬಾಯಿ ಇರಲಿಲ್ಲ.

ಅಪ್ಪ ತಪ್ಪು ಎಣಿಸಿರಬೇಕು ಎಂದುಕೊಂಡು ಎರಡನೆಯ ವರ್ಷದ್ದು ನೋಡಿದೆ. ನಾಲ್ಕನೆಯದು ನೋಡಿದೆ. ಐದನೆಯದೂ ಮುಗಿಯಿತು. ಆಷಾಢ ಹೋಗಿ ಶ್ರಾವಣ ಬಂತು. ಮಳೆ ಬಿಡುತ್ತಿರಲಿಲ್ಲ, ಕಚೇರಿಯ ಗೋಡೆ ಒಸರುತ್ತಿತ್ತು. ಪಾಳಿ ಮುಗಿಸಿ ರಾತ್ರಿ ಬಂದರೆ ಅಪ್ಪ ಎಚ್ಚರವಾಗಿಯೇ ಮಲಗಿರುತ್ತಿದ್ದರು. "ಸಿಕ್ತೇನ?" ಒಂದೇ ಮಾತು. "ಇಲ್ರಿ, ನಾಳೆ ನೋಡ್ತೀನಿ." ಗೋಡೆಯ ಕಡೆ ಹೊರಳುತ್ತಿದ್ದರು. ಅವರ ಬೆನ್ನು ನೋಡಿ ನನಗೆ ಸಿಟ್ಟೂ ಬರುತ್ತಿತ್ತು, ಹೆದರಿಕೆಯೂ ಆಗುತ್ತಿತ್ತು.

ಒಂದು ದಿನ ಕದಮ್ ಬಾಯಿ ನನ್ನ ಎದುರು ಕುರ್ಚಿ ಎಳೆದುಕೊಂಡು ಕೂತರು. "ನಾನು ಇಪ್ಪತ್ತೆರಡು ವರ್ಷದಿಂದ ಈ ಕೋಣೆಯಲ್ಲಿ ಇದ್ದೇನೆ. ಇಲ್ಲಿ ಇಲ್ಲದ ಹೆಂಗಸು ಒಂದೋ ಬೇರೆ ಊರಲ್ಲಿ ಸತ್ತಿರುತ್ತಾಳೆ, ಇಲ್ಲ ಬೇರೆ ಹೆಸರಲ್ಲಿ ಸತ್ತಿರುತ್ತಾಳೆ. ಮನೆಯಲ್ಲಿ ಹಿರಿಯರು ಯಾರಾದರೂ ಉಳಿದಿದ್ದಾರೆಯೇ? ಅವರನ್ನು ಕೇಳಿ" ಎಂದರು. ನನಗೆ ರೇಗಿತು. ನಮ್ಮ ಮನೆಯವರು ಸುಳ್ಳು ಹೇಳುತ್ತಾರೇನು ಎಂದು ಮನಸ್ಸಿನಲ್ಲೇ ಅಂದುಕೊಂಡು ಕೊಡೆ ಎತ್ತಿಕೊಂಡು ಎದ್ದೆ.

ಉಳಿದಿದ್ದ ಹಿರಿಯಳೆಂದರೆ ಗೋದಜ್ಜಿ ಒಬ್ಬಳೇ. ಅಜ್ಜನ ತಂಗಿ, ಎಂಬತ್ತು ದಾಟಿದವಳು, ಇಂದಾಪುರದಲ್ಲಿ ಮಗನ ಮನೆಯಲ್ಲಿ ಇದ್ದಳು. ಗಣಪತಿ ಕೂರುವ ಮೊದಲಿನ ರವಿವಾರ ಎಸ್‌ಟಿ ಬಸ್ಸು ಹತ್ತಿದೆ. ಪುಣೆಯಲ್ಲಿ ಸುರಿಯುತ್ತಿದ್ದ ಮಳೆ ಸೋಲಾಪುರದ ದಾರಿಯಲ್ಲಿ ಅರ್ಧಕ್ಕೇ ನಿಂತುಹೋಗಿತ್ತು. ಇಂದಾಪುರದಲ್ಲಿ ಇಳಿದಾಗ ಬಿಸಿಲು, ಧೂಳು, ಎರಡೂ ಕಡೆ ಎದೆಮಟ್ಟದ ಕಬ್ಬು. ಮಗ ಸೊಸೆ ಹೊಲಕ್ಕೆ ಹೋಗಿದ್ದರು. ಗೋದಜ್ಜಿ ಪಡಸಾಲೆಯಲ್ಲಿ ಕಾಲು ಚಾಚಿಕೊಂಡು ಹೂಬತ್ತಿ ಹೊಸೆಯುತ್ತಿದ್ದಳು.

"ಬಾ ನನ್ನವ್ವಾ. ನಿಮ್ಮಪ್ಪ ಹ್ಯಾಂಗಿದ್ದಾನ?"

"ನಿನ್ನ ಅಣ್ಣನ ಮಗ ಜೀವಾ ಕೈಯಾಗ ಹಿಡಕೊಂಡು ಕೂತಾನ ಅಜ್ಜಿ. ಲಕ್ಷ್ಮಜ್ಜಿ ತಿಥಿ ಬೇಕಂತ."

"ಅಷ್ಟು ವರ್ಷದ್ದು ನನಗೆಲ್ಲಿ ನೆನಪಿರ್ತದ? ಚಹಾ ಮಾಡ್ಕೊಂಡು ಕುಡಿ, ಹಾಲು ಅಲ್ಲೇ ಅದ."

ನಾನು ಚಹಾ ಮಾಡಿಕೊಂಡು ಬಂದೆ. ಮತ್ತೆ ಕೇಳಿದೆ. ಅವಳು ಕಬ್ಬಿನ ಮಾತು ತೆಗೆದಳು. ಮೂರನೆಯ ಸಲ ಕೇಳಿದಾಗ ಸೊಸೆಯ ಮೇಲೆ ದೂರು ಹೇಳಲು ಶುರು ಮಾಡಿದಳು. ಎರಡು ತಿಂಗಳ ದಣಿವು ನನ್ನ ತಲೆಗೇರಿತು.

"ನಾಲ್ಕು ವರ್ಷದ ದಫ್ತರ ಒಂದು ಹಾಳಿ ಬಿಡದಂಗ ನೋಡೀನಿ ಅಜ್ಜಿ, ಕಣ್ಣು ಹೋಗಿ ಬಂದಾವ ನನ್ನವು. ಪುಣೆದಾಗ ಸತ್ತಾಕಿ ದಫ್ತರದಾಗ ಇರಲೇಬೇಕು. ಇಲ್ಲಾಂದ್ರ ಆಕಿ ಸತ್ತೇ ಇಲ್ಲ ಅಂತ ಹೇಳಿಬಿಡು, ಮುಗದ್ಹೋಗ್ತದ!"

ಸಿಟ್ಟಿಗೆ ಅಂದದ್ದು. ಆದರೆ ಅವಳ ತೊಡೆಯ ಮೇಲಿನ ಕೈ ನಿಂತುಬಿಟ್ಟಿತು. ಹೊಸೆಯುತ್ತಿದ್ದ ಬತ್ತಿ ಕೆಳಗೆ ಬಿತ್ತು.

"ಯಾರು ಹೇಳಿದ್ರು ನಿನಗ?" ಎಂದಳು.

ಯಾರೂ ಹೇಳಿರಲಿಲ್ಲ ಎಂದು ನಾನು ಹೇಳಲಿಲ್ಲ. ಕೆಳಗೆ ಬಿದ್ದ ಬತ್ತಿ ಎತ್ತಿ ಅವಳ ಕೈಗೆ ಕೊಟ್ಟೆ. ಆಮೇಲೆ ಅವಳು ನನ್ನ ಮುಖ ನೋಡದೆ, ಅಂಗಳದ ಕಡೆಗೆ ನೋಡುತ್ತ ಹೇಳಿದಳು.

"ರಕ್ತ ಕಾರ್ತಿದ್ಲು. ಕ್ಷಯ. ಕೂಸಿನ್ನ ಆಕಿ ಹತ್ರ ಬಿಡಬ್ಯಾಡ್ರಿ ಅಂದ್ರು ಡಾಕ್ಟರು. ಊರ ಹೊರಗಿನ ದವಾಖಾನಿಗೆ ಹಾಕಿ ಬಂದ್ವಿ. ಆವಾಗ ಅಲ್ಲಿಗೆ ಹೋದಾಕಿ ತಿರುಗಿ ಬರ್ತಾಳಂತ ಯಾರು ತಿಳಿದಿದ್ರು? ಅಣ್ಣಗ ಹೆಣ್ಣು ನೋಡ್ಲಿಕ್ಕೆ ಸುರು ಮಾಡಿದ್ವಿ. ಹೆಂಡ್ತಿ ಇದ್ದವಗ ಯಾರು ಹೆಣ್ಣು ಕೊಡ್ತಾರ? ಹೋದ್ಲು ಅಂತ ಹೇಳಿದ್ವಿ. ಹೇಳಿದ ಮ್ಯಾಲೆ ಸೂತಕದ ಸ್ನಾನ ಆಗಬೇಕಲ್ಲ. ಮನಿಮಂದೆಲ್ಲ ತಲಿ ಮ್ಯಾಲೆ ನೀರು ಹಾಕ್ಕೊಂಡ್ವಿ."

"ಆಮ್ಯಾಲೆ?"

"ಆಮ್ಯಾಲೇನು? ಬದುಕಿದ್ಲು."

ಅಪ್ಪನಿಗೆ ಆರು ವರ್ಷವಿದ್ದಾಗ ಲಕ್ಷ್ಮೀಬಾಯಿ ಗುಣವಾಗಿ ವಾಡೆಯ ಬಾಗಿಲಿಗೆ ಬಂದಿದ್ದಳಂತೆ. ಗೋದಜ್ಜಿ ಬಾಣಂತನಕ್ಕೆ ಬಂದವಳು ಒಳಗಿದ್ದಳು. ಬಾಗಿಲು ತೆಗೆದವಳು ಚಂಪಜ್ಜಿ. "ಕುಡೀಲಿಕ್ಕೆ ನೀರು ಕೊಡವಾ ಅಂದ್ಲು. ಚಂಪಾ ತಂಬಗಿ ತಂದ್ಲು. ನಿಮ್ಮಪ್ಪ ಓಡಿಬಂದು ಚಂಪಾನ ಸೆರಗು ಜಗ್ಗಿ 'ಅವ್ವಾ, ಅವ್ವಾ' ಅಂದ. ಲಕ್ಷ್ಮಿ ಅವನ ಮಾರಿ ನೋಡಿದ್ಲು. ನೀರು ಕುಡದ್ಲು, ತಂಬಗಿ ಹೊಸ್ತಿಲ ಮ್ಯಾಲೆ ಇಟ್ಲು, ಹೋದ್ಲು."

"ನೀನು ಹೊರಗ ಬರಲಿಲ್ಲೇನ?"

"ಹೆದರಿದೆ. ಸತ್ತಾಕಿ ತಿರುಗಿ ಬಂದ್ಲು ಅಂದ್ರ ಮನಿ ಮಾನ ಉಳೀತದೇನ? ಚಂಪಾ ಮಾತ್ರ ಆಕಿ ಬೆನ್ನ ಹಿಂದ ಮೆಟ್ಲಾ ಇಳದು ಹೋದ್ಲು, ಭಾಳ ಹೊತ್ತಿನ ಮ್ಯಾಲೆ ಬಂದ್ಲು. ಅಣ್ಣ ದೇವರ ಮುಂದ ಆಕಿ ಕಡಿಂದ ಆಣಿ ಹಾಕಿಸ್ಕೊಂಡ, ಹುಡುಗಗ ಎಂದೂ ಹೇಳೂದಿಲ್ಲ ಅಂತ."

ಲಕ್ಷ್ಮೀಬಾಯಿ ಪುಣೆಯಲ್ಲಿಯೇ ಯಾವುದೋ ಹೆಣ್ಣುಮಕ್ಕಳ ವಸತಿಗೃಹದಲ್ಲಿ ಅಡುಗೆ ಮಾಡಿಕೊಂಡು ಇದ್ದಳಂತೆ. ಅಜ್ಜ ತೀರಿಕೊಂಡಾಗಲೂ ಬದುಕಿದ್ದಳು, ಆಮೇಲಿನದು ಗೋದಜ್ಜಿಗೆ ತಿಳಿಯದು. "ನಮ್ಮ ಮನಿ ಹೆಸರು ಇಟ್ಕೊಂಡಿರ್ಲಿಕ್ಕಿಲ್ಲ ಆಕಿ. ಲಕ್ಷ್ಮಿ ಅಂತ ಲಗ್ನದಾಗ ತಾಟಿನ ಅಕ್ಕಿ ಮ್ಯಾಲೆ ನಾವು ಬರದ ಹೆಸರು. ತವರಮನಿಯಾಗ ಆಕಿ ಕೃಷ್ಣಾ."

ಹಣೆ ಚಚ್ಚಿಕೊಳ್ಳಬೇಕೆನಿಸಿತು ನನಗೆ. ಮದುವೆಯಾಗಿ ಬಂದ ಹೆಣ್ಣುಮಕ್ಕಳ ಹೆಸರನ್ನು ಮಸ್ಟರಿನಲ್ಲಿ ಹೊಡೆದು ಹೊಸದು ಬರೆಯುವುದು ನನ್ನ ನಿತ್ಯದ ಕೆಲಸ. ಸ್ವಂತ ಅಜ್ಜಿಗೂ ಇನ್ನೊಂದು ಹೆಸರು ಇದ್ದಿರಬೇಕೆಂದು ಈ ಮಂಕುತಲೆಗೆ ಹೊಳೆದಿರಲಿಲ್ಲ!

ಹೊರಡುವಾಗ ಗೋದಜ್ಜಿ ನನ್ನ ಎರಡೂ ಕೈ ಹಿಡಿದುಕೊಂಡಳು. "ಅವಂಗ ಹೇಳಬ್ಯಾಡ ವನೂ. ಎದಿ ಒಡಕೊಂಡು ಸಾಯ್ತಾನ. ಸತ್ರ ಆ ಪಾಪ ನಿನ್ನ ತಲಿ ಮ್ಯಾಲೆ." ನಾನು ಕೈ ಬಿಡಿಸಿಕೊಂಡು ಬಸ್ಸಿಗೆ ಹೊರಟೆ. ಮನೆಗೆ ಬಂದಾಗ ಅಪ್ಪ ಎದ್ದು ಕೂತಿದ್ದರು. "ಗೋದತ್ತಿ ಏನಂದ್ಲು?"

"ನೆನಪಿಲ್ಲಂತ್ರಿ ಅಪ್ಪಾ."

ಅಪ್ಪನಿಗೆ ನಾನು ಹೇಳಿದ ಮೊದಲ ದೊಡ್ಡ ಸುಳ್ಳು ಅದು. ಅವರು ನಂಬಿದರು.

ಪೇಠದಲ್ಲಿ ಗಣಪತಿ ಕೂತ. ಹತ್ತು ದಿನ ಢೋಲು, ಧ್ವನಿವರ್ಧಕ, ಮಂಟಪಗಳಿಂದ ಮುಚ್ಚಿಹೋದ ಗಲ್ಲಿಗಳು. ನಾನು ಆ ಜನರ ನಡುವೆ ನುಗ್ಗಿಕೊಂಡು ಕಚೇರಿಗೆ ಹೋಗುತ್ತಿದ್ದೆ. ಕದಮ್ ಬಾಯಿಗೆ ಎಲ್ಲವನ್ನೂ ಹೇಳಿಬಿಟ್ಟೆ, ಯಾರಿಗಾದರೂ ಹೇಳದಿದ್ದರೆ ಹುಚ್ಚು ಹಿಡಿಯುತ್ತಿತ್ತು. ಅವರು ಎದ್ದು ಒಳಗೆ ಹೋದರು. ಅಜ್ಜ ಸತ್ತ ವರ್ಷದ ದಫ್ತರ ತಂದಿಟ್ಟರು. "ಕೃಷ್ಣಾಬಾಯಿ ಎಂಬ ಹೆಸರಿನವರು ಗಲ್ಲಿಗೊಬ್ಬರು ಇರುತ್ತಾರೆ. ಹೆಸರು ಹಿಡಿದು ಹೋಗಬೇಡಿ, ಕೊನೆಯ ಕಾಲಂ ಓದಿ. ಸತ್ತವರ ಹೆಸರು ಬದಲಾಗಬಹುದು, ಸುದ್ದಿ ಕೊಡಲು ಬಂದವರು ತಮ್ಮ ಹೆಸರು ಬದಲಿಸುವುದಿಲ್ಲ" ಎಂದರು.

ಹಾಗೆಯೇ ಓದಿದೆ. ಆ ವರ್ಷ ಆಯಿತು, ಮರುವರ್ಷ ಆಯಿತು. ಇನ್ನೊಂದು, ಮತ್ತೊಂದು. ಗಣಪತಿ ನೀರಿಗೆ ಹೋದ, ಪಿತೃಪಕ್ಷ ಶುರುವಾಯಿತು, ನವಮಿಗೆ ನಾಲ್ಕು ದಿನ ಉಳಿಯಿತು. ನಾನು ಐದು ವರ್ಷದ ಕೂಸಾಗಿದ್ದ ವರ್ಷದ ದಫ್ತರ ತೆರೆದಿದ್ದೆ. ಬೆರಳು ಸಹಿಗಳ ಮೇಲೆ ಇಳಿಯುತ್ತ ಬರುತ್ತಿತ್ತು. ಮರಾಠಿ, ಮರಾಠಿ, ಹೆಬ್ಬೆಟ್ಟು, ಮರಾಠಿ. ಅವುಗಳ ನಡುವೆ ಒಂದು ಸಹಿ ಕನ್ನಡದಲ್ಲಿತ್ತು. ದುಂಡನೆಯ, ಒತ್ತಿ ಬರೆದ, ಒಂದೊಂದು ಅಕ್ಷರವೂ ಬಿಡಿಬಿಡಿಯಾದ ಸಹಿ. ಚಂಪಾಬಾಯಿ ಹಿಪ್ಪರಗಿ.

ನಾನು ಕೂಗಿದೆನಂತೆ. ಕದಮ್ ಬಾಯಿ ಓಡಿಬಂದರು. ತೀರಿದವರು ಕೃಷ್ಣಾಬಾಯಿ, ಮುಂದೆ ತವರಿನ ಹೆಸರು. ವಯಸ್ಸು ಐವತ್ತೈದು. ಕೆಲಸ ಅಡುಗೆ. ಒಂದು ಹೆಣ್ಣುಮಕ್ಕಳ ವಸತಿಗೃಹದ ವಿಳಾಸ, ನಮ್ಮ ವಾಡೆಯಿಂದ ನಡೆದರೆ ಹತ್ತು ನಿಮಿಷ. ತೀರಿದ ದಿನ ಆ ವರ್ಷದ ಶ್ರಾವಣದಲ್ಲಿ. ಸುದ್ದಿ ಕೊಟ್ಟವರಿಗೂ ತೀರಿದವರಿಗೂ ಸಂಬಂಧ ಏನು ಎಂಬಲ್ಲಿ ಗುಮಾಸ್ತ ಬರೆದುಕೊಂಡಿದ್ದ: ಬಹೀಣ. ಸಹೋದರಿ.

ಕದಮ್ ಬಾಯಿ ಅಂದೇ ನಕಲು ಮಾಡಿ, ಮೊಹರು ಹಾಕಿ ಕೊಟ್ಟರು. ನಾನು ಅದನ್ನು ಊಟದ ಡಬ್ಬಿಯ ಚೀಲದಲ್ಲಿ ಇಟ್ಟುಕೊಂಡು ಭೋಸರಿಗೆ ಹೋದೆ. ಮೂರು ದಿನ ಆ ಕಾಗದ ಅದೇ ಚೀಲದಲ್ಲಿ ಭೋಸರಿಗೂ ಮನೆಗೂ ಓಡಾಡಿತು. ಅಪ್ಪ "ಸಿಕ್ತೇನ?" ಎಂದು ಕೇಳುವುದನ್ನೇ ಬಿಟ್ಟಿದ್ದರು, ನಾನು ಬಂದಾಗ ಮುಖ ಮಾತ್ರ ನೋಡುತ್ತಿದ್ದರು. ಕೊನೆಗೆ ತಡೆಯಲಾರದೆ ಅವ್ವನಿಗೆ ತೋರಿಸಿದೆ. ಅವ್ವ ಓದಿ, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಆಮೇಲೆ ಕಣ್ಣು ಒರೆಸಿಕೊಂಡು, "ಒಲಿಯಾಗ ಹಾಕಿಬಿಡು" ಎಂದಳು.

"ಅವರ ತಾಯಿ ಅವ್ವಾ. ಅವರಿಗೆ ತಿಳೀಬಾರದೇನ?"

"ತಿಳೀಲಿ. ಆಪರೇಶನ್ ಆಗಿ ಎದ್ದು ಕೂತ ಮ್ಯಾಲೆ ತಿಳೀಲಿ. ಈಗ ಹೇಳಿ ಏನರೆ ಆತಂದ್ರ ನಿನ್ನ ಮಾರಿ ನಾ ನೋಡೂದಿಲ್ಲ."

"ಎದ್ದು ಕೂಡಲಿಲ್ಲ ಅಂದ್ರ?" ಎಂದೆ. ಅವ್ವ ನನ್ನ ಕೆನ್ನೆಗೆ ಹೊಡೆದಳು. ಮೂವತ್ತನಾಲ್ಕು ವರ್ಷದ ಮಗಳಿಗೆ. ಹೊಡೆದವಳೂ ಅತ್ತಳು, ಹೊಡೆಸಿಕೊಂಡವಳೂ ಅತ್ತಳು. ಅವ್ವನ ಮಾತು ಸರಿ ಅನಿಸುತ್ತಿತ್ತು. ಮರುಗಳಿಗೆಗೆ ತಪ್ಪು ಅನಿಸುತ್ತಿತ್ತು. ಕೊನೆಗೆ ಬಾಯಿ ಮುಚ್ಚಿಕೊಂಡು ಇರುವುದೆಂದೇ ನಿಶ್ಚಯ ಮಾಡಿದೆ.

ನವಮಿಯ ದಿನ ಅವ್ವ ಮಡಿಯಲ್ಲಿ ಅಡುಗೆ ಮುಗಿಸಿದಳು. ಎದುರು ಮನೆಯ ಮುತ್ತೈದೆ ಬಂದು ಕೂತಳು. ಆಚಾರ್ಯರು ದರ್ಭೆ, ಎಳ್ಳು ಹರಡಿಕೊಂಡರು. ಅಪ್ಪ ಮಣೆಯ ಮೇಲೆ ಕೂತರು, ಬರಿಮೈಯಲ್ಲಿ ಪಕ್ಕೆಲುಬು ಎಣಿಸುವಂತಾಗಿದ್ದರು. ಆಚಾರ್ಯರು ಸಂಕಲ್ಪ ಹೇಳಿಸತೊಡಗಿದರು. ತಾಯಿಯ ಹೆಸರು ಬರುವಲ್ಲಿ ಅಪ್ಪ ತಡೆದು ಕಣ್ಣು ಮುಚ್ಚಿದರು. ಮಂತ್ರವಲ್ಲ, ಕನ್ನಡದಲ್ಲಿ ತಮ್ಮಷ್ಟಕ್ಕೆ ತಾವೇ ಅಂದುಕೊಂಡರು. "ಈ ಸಲನೂ ನಿನ್ನ ದಿನ ಸಿಗಲಿಲ್ಲವಾ. ಭಾಳ ಹುಡುಕಿಸಿದೆ. ನಿನ್ನ ಮಗಗ ಕ್ಷಮಾ ಮಾಡು."

ಅದನ್ನು ಕೇಳಿ ನನ್ನಿಂದ ಆಗಲಿಲ್ಲ. ಅವ್ವ ಅಡುಗೆಮನೆಯ ಬಾಗಿಲಿನಿಂದ ಕಣ್ಣಲ್ಲೇ ಗದರಿಸುತ್ತಿದ್ದಳು, ಆದರೂ ಬಾಯಿ ತಾನೇ ತೆರೆಯಿತು. "ಅಪ್ಪಾ, ತಡೀರಿ. ಸಿಕ್ಕದ."

ಅಪ್ಪ ಕಣ್ಣು ತೆರೆದರು. ನಾನು ಚೀಲದಿಂದ ಕಾಗದ ತೆಗೆದು ಕೈಗೆ ಕೊಟ್ಟೆ, ಅವರ ಎದುರು ನೆಲದ ಮೇಲೆ ಕೂತು ಗೋದಜ್ಜಿ ಹೇಳಿದ್ದನ್ನೆಲ್ಲ ಹೇಳಿದೆ. ಮಧ್ಯದಲ್ಲಿ ನಿಲ್ಲಿಸಲಿಲ್ಲ, ನಿಲ್ಲಿಸಿದ್ದರೆ ಮತ್ತೆ ಶುರು ಮಾಡಲು ಆಗುತ್ತಿರಲಿಲ್ಲ. ಅಪ್ಪನ ಬಲಗೈ ಎದೆಯ ಮೇಲೆ ಹೋಯಿತು. ಅವ್ವ ಮಡಿ ಮರೆತು, ನಾಲಿಗೆಯ ಕೆಳಗೆ ಇಡುವ ಗುಳಿಗೆ ಹಿಡಿದು ಓಡಿಬಂದಳು. ಕೊಂದೆ, ನಾನೇ ಅಪ್ಪನನ್ನು ಕೊಂದೆ ಎಂದುಕೊಂಡೆ. ಅಪ್ಪ ಗುಳಿಗೆ ಬಾಯಿಗೆ ಹಾಕಿಕೊಂಡರು. ಕಾಗದವನ್ನು ಮಾತ್ರ ಬಿಡಲಿಲ್ಲ.

"ಇದರಾಗ ಬರದ ಈ ಗಲ್ಲಿಯಾಗಿಂದ ದಿನಾ ಸೈಕಲ್ ಮ್ಯಾಲೆ ಅಂಗಡಿಗೆ ಹೋಗ್ತಿದ್ದೆ ನಾನು" ಎಂದರು. ದನಿಯೇ ಬೇರೆಯಾಗಿತ್ತು. "ಆ ಅಡಗಿಮನಿ ಕಿಟಕಿ ರಸ್ತೆದ ಕಡೀನೇ ಅದ. ಒಗ್ಗರಣಿ ವಾಸನಿ ಬರ್ತಿತ್ತು. ಎಂಟು ವರ್ಷದವಿದ್ದಾಗಿಂದ ಅವ್ವ ಸತ್ತಾಳಂತ ಪಿಂಡ ಇಟ್ಟೆ, ಇಪ್ಪತ್ತಾರು ವರ್ಷ. ಆಕಿ ಅಲ್ಲೇ ಮಂದಿ ಮಕ್ಕಳಿಗೆ ರೊಟ್ಟಿ ಬಡೀತಿದ್ಲು. ಬದುಕಿದ್ದಾಗ ಒಂದು ತುತ್ತು ಕೊಡಲಿಲ್ಲಲ್ಲೋ ನಾನು! ಕಾಗಿಗೆ ಇಟ್ಟೆ, ಆಕಿಗೆ ಕೊಡಲಿಲ್ಲ!"

ಅಪ್ಪ ಅತ್ತದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಮಣೆಯ ಮೇಲೆ ಕೂತು ಕೂಸಿನಂತೆ ಬಾಯಿ ತೆರೆದು ಅತ್ತರು. ಆಚಾರ್ಯರು ತಲೆ ತಗ್ಗಿಸಿ ಕೂತಿದ್ದರು. ಎದುರು ಮನೆಯವಳು ಕುಂಕುಮದ ಬಟ್ಟಲು ಹಿಡಿದುಕೊಂಡು ಏಳಲೂ ಆಗದೆ ಕೂರಲೂ ಆಗದೆ ಒದ್ದಾಡುತ್ತಿದ್ದಳು. ಬಹಳ ಹೊತ್ತಿನ ಮೇಲೆ ಅಪ್ಪ ಕಣ್ಣು ಒರೆಸಿಕೊಂಡು ಕಾಗದವನ್ನು ಮತ್ತೆ ಮೊದಲಿನಿಂದ ಓದಿದರು. ಕೊನೆಯ ಸಾಲಿಗೆ ಬಂದು ನಿಂತರು.

"ಚಂಪವ್ವನ ಸಹಿ ಏನ ಇದು?"

"ಹೌದ್ರಿ."

"ಶ್ರಾವಣ," ಎಂದರು. "ಆ ವರ್ಷದ ಶ್ರಾವಣ." ಬೆರಳು ಮಡಿಸಿ ಏನೋ ಲೆಕ್ಕ ಹಾಕಿದರು. ಆಮೇಲೆ ಅವ್ವನ ಕಡೆಗೆ ತಿರುಗಿದರು. "ನಿನಗ ನೆನಪದ ಏನ? ಚಂಪವ್ವ ನವಮಿ ದಿನ ಅಡಗಿಗೆ ಬರ್ತಿರ್ಲಿಲ್ಲ."

ಅವ್ವ ತಲೆಯಾಡಿಸಿದಳು. ನನಗೆ ಗೊತ್ತಿರಲಿಲ್ಲ. ಅಪ್ಪ ನನಗೆ ಹೇಳಿದರು. "ನಾ ಸಣ್ಣವಿದ್ದಾಗಿಂದ, ಪ್ರತಿ ವರ್ಷ ನವಮಿ ಬಂತಂದ್ರ ಆಕಿ ಹೊರಗ ಕೂಡಾಕಿ. ಬರೋಬರಿ ಅದೇ ದಿನ ಮುಟ್ಟಾದೆ ಅನ್ನಾಕಿ. ಅಡಗಿಗೆ ಬ್ಯಾರೆ ಹೆಣ್ಮಗಳನ್ನ ಕರಸ್ತಿದ್ವಿ. ಸತ್ತ ಸವತಿ ಮ್ಯಾಲೂ ಎಷ್ಟು ಮತ್ಸರ ನೋಡ್ರಿ ಅಂತ ಮಂದಿ ಆಡ್ಕೋತಿದ್ರು. ನಾನೂ ಹಂಗ ತಿಳಿದಿದ್ದೆ. ಮುಂಜಿವಿ ಆದ ಮ್ಯಾಲೆ ಆಕಿಗೆ ಅವ್ವಾ ಅನ್ನೂದು ಬಿಟ್ಟೆ, ಚಂಪವ್ವ ಅಂದೆ. ಸಾಯೋತನಕ ಆಕಿ ಜೋಡಿ ನೆಟ್ಟಗ ಮಾತಾಡಲಿಲ್ಲ ನಾನು." ಕಾಗದದ ಸಹಿಯ ಮೇಲೆ ಬೆರಳು ಆಡಿಸಿದರು. "ಆ ವರ್ಷ ನವಮಿಗೆ ಆಕಿ ನಸುಕಿನಾಗ ಎದ್ದು, ಒದ್ದಿ ಸೀರಿ ಉಟ್ಟು, ತಾನೇ ಒಲಿ ಹಚ್ಚಿದ್ಲು. ಎಲ್ಲಾ ಅಡಗಿ ತಾನೇ ಮಾಡಿದ್ಲು. ವಯಸ್ಸಾತು, ಹೊಟ್ಟಿಕಿಚ್ಚು ಹೋತು ಅಂತ ನಾನು ನಕ್ಕೆ. ಆಕಿ ಮುಂದೇ ನಕ್ಕೆ."

ಬದುಕಿದ್ದವಳಿಗೆ ಪಿಂಡದ ಅನ್ನ ಬೇಯಿಸಲು ಒಲ್ಲದೆ, ನಿಜ ಹೇಳಲು ಆಣೆ ಬಿಡದೆ, ಮಂದಿಯಿಂದ ಮತ್ಸರದವಳು ಅನಿಸಿಕೊಂಡು ಚಂಪಜ್ಜಿ ಅಷ್ಟು ನವಮಿಗಳನ್ನು ಮೂಲೆಯಲ್ಲಿ ಕೂತು ಕಳೆದಿದ್ದಳು.

ಅಪ್ಪ ದರ್ಭೆಯ ಉಂಗುರ ತೆಗೆದು ಇಟ್ಟರು. "ಆಚಾರ್ರ, ಇವತ್ತು ಬ್ಯಾಡ. ನಮ್ಮವ್ವ ಮುತ್ತೈದಿ ಆಗಿ ಹೋದಾಕಿ ಅಲ್ಲ. ಅಮಾವಾಸಿಗೆ ಮಾಡೋಣ. ಶ್ರಾವಣದಾಗ ಆಕಿ ತಿಥಿ ಯಾವುದು ಬೀಳ್ತದ ನೋಡಿ ಇಡ್ರಿ, ಮುಂದಿನ ವರ್ಷಕ್ಕ ಬೇಕು." ಆಮೇಲೆ ಎದುರು ಮನೆಯವಳಿಗೆ, "ತಂಗಿ, ಬೇಸರ ಮಾಡ್ಕೋಬ್ಯಾಡ, ಊಟಾ ಮಾಡಿ ಹೋಗು" ಎಂದರು. ಅಂದು ನಾವೆಲ್ಲ ಒಟ್ಟಿಗೇ ಉಂಡೆವು. ಮಧ್ಯಾಹ್ನ ಅಪ್ಪ ಕುಲವೃತ್ತಾಂತದ ಹಾಳೆ ತೆಗೆದು, ಖಾಲಿ ಇದ್ದ ಮನೆಯಲ್ಲಿ ದಿನ ಬರೆದು, ಲಕ್ಷ್ಮೀಬಾಯಿ ಎಂಬುದರ ಮುಂದೆ ಕೃಷ್ಣಾ ಎಂದು ಸೇರಿಸಿದರು. ಹಾಳೆ ಕೈಸೇರಿದ ಮೇಲೆ ವಿಜಾಪುರದ ದಾಯಾದಿ ಫೋನು ಮಾಡಿ, ಮನೆತನದ ಹುಳುಕು ಅಚ್ಚಿಗೆ ಹೋಗುವುದು ಬೇಡವೆಂದರು. ಅಪ್ಪ ಹಾಗಾದರೆ ನಮ್ಮ ಹಾಳೆಯನ್ನೇ ಬಿಟ್ಟುಬಿಡಿ ಎಂದು ಫೋನು ಇಟ್ಟರು.

ಆಪರೇಶನ್ ದಸರೆಯ ನಂತರ ಆಯಿತು. ಅಪ್ಪ ಇನ್ನೂ ಏಳು ವರ್ಷ ಇದ್ದರು. ಅವ್ವ ನನ್ನ ಮುಖ ನೋಡುವುದನ್ನೇನೂ ಬಿಡಲಿಲ್ಲ.

ಆದರೆ ಅದಕ್ಕಿಂತ ಮುಂಚೆ ಅಮಾವಾಸ್ಯೆ ಬಂತು. ಆಚಾರ್ಯರು ತರ್ಪಣ ಕೊಡಿಸುತ್ತಿದ್ದರು. ತಂದೆ, ಅಜ್ಜ, ಮುತ್ತಜ್ಜ, ಒಬ್ಬೊಬ್ಬರ ಹೆಸರಿಗೂ ಅಪ್ಪ ಎಳ್ಳುನೀರು ಬಿಡುತ್ತ ಬಂದರು. ತಾಯಿಯ ಸರದಿ ಬಂದಾಗ "ಮಾತರಂ" ಎಂದು ಕೃಷ್ಣಾ ಎಂಬ ಹೆಸರು ಸೇರಿಸಿ ನೀರು ಬಿಟ್ಟರು. ಮುಂದೆ ಚಂಪಜ್ಜಿ. ಮಲತಾಯಿಗೆ ಮಂತ್ರದಲ್ಲಿ ಬೇರೆ ಮಾತಿದೆ. ಹತ್ತೊಂಬತ್ತು ವರ್ಷ ಅಪ್ಪ ಅದನ್ನೇ ಹೇಳಿದ್ದರು.

"ಸಾಪತ್ನಮಾತರಂ" ಎಂದು ಆಚಾರ್ಯರು ಹೇಳಿಕೊಟ್ಟರು.

"ಮಾತರಂ" ಎಂದರು ಅಪ್ಪ.

ಆಚಾರ್ಯರು ಕೇಳಿಸಲಿಲ್ಲವೇನೋ ಎಂದುಕೊಂಡು ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಇನ್ನೊಮ್ಮೆ ಹೇಳಿದರು. ಅಪ್ಪ ಬೊಗಸೆಯಲ್ಲಿ ನೀರು ಹಿಡಿದುಕೊಂಡೇ ಅವರ ಮುಖ ನೋಡಿದರು.

"ಕೇಳಸ್ತದ ಆಚಾರ್ರ. ನಾ ಬರೋಬರಿನೇ ಅಂದೀನಿ. ಮುಂದ ಹೇಳ್ರಿ."